ಕುದುರೆಮುಖದ ಕೀಲಿ ಹಾಕಿದ ಮನಿಗೋಳು

ಅಕ್ಕಾ,

ಹ್ವಾದ ಐತವಾರ ಕುದುರೆಮುಖಕ್ಕ ಹೋಗಿ ಬಂದ್ವಿ. ಗಾಡಿ ನಾನೇ ಹೊಡದೆ. ನಗಬ್ಯಾಡ, ಖರೇನೇ ಹೇಳ್ಲಾಕತ್ತೀನಿ. ಇತ್ತ ಆಳಂದ, ಅತ್ತ ಅಕ್ಕಲಕೋಟ ಅಂತ ಬೈಲ ಸೀಮ್ಯಾಗ ಗಾಡಿ ಕಲ್ತವರಿಗೆ ಘಾಟ್ ಅಂದ್ರ ಏನು ತಿಳೀಬೇಕು? ನಮ್ಮ ಕಡೆ ಎದುರಿನ ಲಾರಿ ನಾಕು ಹೊಲದ ಆಚೆ ಇರೂದ್ರಾಗೇ ಕಾಣ್ತದ. ಇಲ್ಲಿ ತಿರುವು ಬಂತಂದ್ರ ಹಾರ್ನ್ ಹೊಡೀಬೇಕು, ಕಿವಿ ಕೊಡಬೇಕು, ಆಮ್ಯಾಲ ಸ್ಟೇರಿಂಗ್ ತಿರುವಬೇಕು. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿದ ಮ್ಯಾಲಂತೂ ಸೆಕೆಂಡ್ ಗೇರೇ ಗತಿ. ಇವರು ಬಾಜೂಕ ಕುಂತು ಹಿಡಿಕಿ ಬಿಡಲೇ ಇಲ್ಲ. ಒಂದು ಕೈಲೆ ಹಿಡಿಕಿ, ಇನ್ನೊಂದು ಕೈಲೆ ಹ್ಯಾಂಡ್‌ಬ್ರೇಕ್.

ಹಿಂದಿನ ಸೀಟಿನಾಗ ನಮ್ಮ ಸಾಲಿಯ ಗಣಿತದ ಟೀಚರ್ ಇದ್ರು. ಅವರು ಹುಟ್ಟಿದ್ದು, ಹತ್ತನೇ ತನಕ ಓದಿದ್ದು ಎಲ್ಲಾ ಕುದುರೆಮುಖದ ಗಣಿ ಕಂಪನಿ ಕ್ವಾರ್ಟರ್ಸಿನಾಗ. 'ನನ್ನ ಊರು ತೋರಿಸ್ತೇನೆ ಬನ್ನಿ ಮಾರಾಯ್ರೆ' ಅಂತ ಎರಡು ವರ್ಷದಿಂದ ಅನ್ನಕೋತ ಇದ್ರು.

ಕಾಡಿನ ಗೇಟಿನಾಗ ಗಾಡಿ ನಂಬರ್ ಬರಕೊಂಡು ಚೀಟಿ ಕೊಡ್ತಾರ. ಇಷ್ಟ ಹೊತ್ತಿನಾಗ ಆಚೆ ಗೇಟ್ ದಾಟಬೇಕು, ನಡುವ ನಿಂದರಬಾರದು, ಮಂಗ್ಯಾಗೋಳಿಗೆ ಏನೂ ಹಾಕಬಾರದು. ಸಿಂಹದಂಗ ಜೂಲು ಇರೋ ಸಿಂಗಳೀಕ ಇರೋ ಕಾಡು ಅದು. 1987ರಿಂದ ರಾಷ್ಟ್ರೀಯ ಉದ್ಯಾನ. ಮ್ಯಾಲ ಎಸ್.ಕೆ. ಬಾರ್ಡರ್ ಅಂತ ಒಂದು ಕೂಟು ರಸ್ತಾ, ಎಡಕ್ಕ ಶೃಂಗೇರಿ, ಬಲಕ್ಕ ಕುದುರೆಮುಖ. ಅಲ್ಲಿಂದ ಮುಂದ ಮರ ಸರದು ಗುಡ್ಡ ಕಾಣ್ತಾವ. ಬೆನ್ನಿನ ಮ್ಯಾಲೆಲ್ಲಾ ಬರೇ ಹುಲ್ಲು, ಬ್ಯಾಸಗಿಗೆ ಕಂದಾಗಿತ್ತು. ಎರಡು ಗುಡ್ಡದ ಸಂದಿನ್ಯಾಗ ಮಾತ್ರ ಕರ್ರಗಿನ ಕಾಡು, ಅದಕ್ಕ ಶೋಲಾ ಅಂತಾರ. ವರ್ಷಕ್ಕ ಆರೇಳು ಸಾವಿರ ಮಿಲಿಮೀಟರ್ ಮಳಿ ಆಗೋ ಜಾಗ. ನಮ್ಮ ಹತ್ತು ವರ್ಷದ ಮಳಿ ಒಂದೇ ವರ್ಷದಾಗ ಅನ್ನು.

ಈ ಗುಡ್ಡದಾಗ ಕಬ್ಬಿಣ ಅದ ಅಂತ ಸಂಪತ್ ಅಯ್ಯಂಗಾರ್ ಅನ್ನೋ ಭೂವಿಜ್ಞಾನಿ 1913ರಾಗೇ ಕಂಡುಹಿಡಿದಿದ್ರು. ಆದ್ರ ಕೆಲಸ ಶುರು ಆಗಿದ್ದು ಇರಾನಿನ ದೊರಿ ಷಾ ಕಬ್ಬಿಣ ಬೇಕು ಅಂದಾಗ. 63 ಕೋಟಿ ಡಾಲರ್ ಸಾಲ ಕೊಡ್ಲಾಕ ಇರಾನ್ ಒಪ್ಪಿತು. 1976ರಾಗ ಕಂಪನಿ ಹುಟ್ಟಿತು. ಮಲ್ಲೇಶ್ವರ ಅನ್ನೋ ಸಣ್ಣ ಹಳ್ಳಿ ಇದ್ದಲ್ಲಿ ಟೌನ್‌ಶಿಪ್ ಎದ್ದಿತು. ಇತ್ತ ಕಾರ್ಖಾನಿ ಮುಗೀಲಾಕ ಬಂದಿತ್ತು, ಅತ್ತ 1979ರಾಗ ಇರಾನಿನಾಗ ಕ್ರಾಂತಿ ಆಗಿ ಷಾನೇ ಓಡಿಹೋದ. ಕೊಳ್ಳೋ ಗಿರಾಕೀನೇ ಇಲ್ಲದಂಗಾಯ್ತು. ಆಮ್ಯಾಲ ಬ್ಯಾರೆ ದೇಶಕ್ಕ ಮಾರಿದ್ರು ಅನ್ನೂದು ಬ್ಯಾರೆ ಮಾತು. ಎಲ್ಲಿಯ ತೆಹರಾನ್, ಎಲ್ಲಿಯ ಮಲ್ಲೇಶ್ವರ!

ಊರಾಗ ಗಾಡಿ ನಿಲ್ಲಿಸಿ ಇಳದ್ವಿ. ಪೂರಾ ಹಾಳೂರು ಅಂತ ತಿಳೀಬ್ಯಾಡ, ಒಂದಿಷ್ಟು ಮಂದಿ ಇನ್ನೂ ಇದ್ದಾರ, ಕಳಸದ ಬಸ್ಸು ಬರ್ತಾವ. ಖರೆ, ಓಣಿಗೆ ಓಣಿನೇ ಕೀಲಿ. ಗ್ವಾಡಿ ಕೆಳಗಿನಿಂದ ಕಿಟಕಿ ತನಕ ಪಾಚಿ, ಮೆಟ್ಟಿಲ ಸಂದಿನಾಗ ಜರಿಗಿಡ. ಟೀಚರ್ ನಂಬರ್ ಓದಿಕೋತ ನಡದು ಒಂದು ಮನಿ ಮುಂದ ನಿಂತ್ರು. ಬಾಗಿಲಿಗೆ ಅಡ್ಡ ಪಟ್ಟಿ ಹೊಡದಿದ್ರು. ಕಿಟಕಿಯಾಗಿಂದ ಅಡಗಿಮನಿ ಕಟ್ಟಿ ಕಾಣ್ತಿತ್ತು. 'ಜುಲೈಯಲ್ಲಿ ಯೂನಿಫಾರ್ಮು ಒಣಗ್ತಾನೇ ಇರ್ಲಿಲ್ಲ, ಅಮ್ಮ ಈ ಕಟ್ಟೆಯ ಮೇಲೆ ಹಗ್ಗ ಕಟ್ಟಿ ಸ್ಟವ್ ಬೆಂಕಿಗೆ ಒಣಗಿಸ್ತಿದ್ರು. ನಮ್ಮ ಕ್ಲಾಸಿಗೆ ಇಡೀ ಸೀಮೆಎಣ್ಣೆ ವಾಸನೆ' ಅಂದ್ರು.

ರಸ್ತಾದ ಅಂಚಿಗೆ ಒಂದು ಮಜಾ ನೋಡಿದೆ. ನನ್ನ ಪರ್ಸಿಗೆ ಅಯಸ್ಕಾಂತದ ಗುಂಡಿ ಅದಲ್ಲ, ಟೀಚರ್ ಅದನ್ನ ಇಸಗೊಂಡು ಮಣ್ಣಾಗ ಒತ್ತಿ ಎತ್ತಿದ್ರು. ಕರ್ರಗ ಸಣ್ಣ ಸಣ್ಣ ಹರಳು ಮೀಸಿಯಂಗ ನಿಮಿರಿ ಅಂಟಿದ್ದವು. ಮ್ಯಾಗ್ನೆಟೈಟ್ ಅಂದ್ರ ಅದೇ. ಇಲ್ಲಿಯ ಅದಿರಿನಾಗ ಕಬ್ಬಿಣ ಕಡಿಮಿ, ಮೂರರಾಗ ಒಂದು ಪಾಲಿನಕಿಂತ ಒಂದೀಟು ಹೆಚ್ಚು. ಅದಕ್ಕ ಕಲ್ಲು ಪುಡಿ ಮಾಡಿ, ಅಯಸ್ಕಾಂತದಿಂದ ಕಬ್ಬಿಣ ಬ್ಯಾರೆ ಮಾಡಿ, ನೀರಾಗ ಕಲಿಸಿ 67 ಕಿಲೋಮೀಟರ್ ಪೈಪಿನಾಗ ಮಂಗಳೂರಿಗೆ ಹರಿಸ್ತಿದ್ರು. ಉಳಿದ ರಾಡಿ ಲಕ್ಯಾ ಹಳ್ಳಕ್ಕ. ಅದಕ್ಕಂತೇ 100 ಮೀಟರ್ ಎತ್ತರದ ಒಡ್ಡು ಕಟ್ಟ್ಯಾರ. ನೋಡ್ಲಾಕ ಈಗ ಬಿಡೂದಿಲ್ಲ.

ಆ ರಾಡಿನೇ ಕಡೀಕ ಗಣಿಗೆ ಮುಳುವಾಯ್ತು. ಮಳಿಗಾಲದಾಗ ಹೂಳು ಭದ್ರಾ ನದಿಗೆ ಇಳೀತಿತ್ತು. ನಾಗರಹೊಳೆ ಕಾಡು ಕಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹ್ವಾದ್ರು. 2002ರ ಅಕ್ಟೋಬರಿನಾಗ ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕ ಗಣಿ ನಿಂತಿತು. ನನ್ನ ಕೇಳಿದ್ರ ಛಲೋನೇ ಆಯ್ತು. ಭದ್ರಾ ತುಂಗಾನ ಕೂಡಿ ಕೃಷ್ಣಾಕ್ಕ ಹೋಗ್ತಾಳ. ನಮ್ಮ ಅಮರ್ಜಾ ಗಾಣಗಾಪುರದಾಗ ಭೀಮಾನ ಕೂಡಿ ಅದೇ ಕೃಷ್ಣಾಕ್ಕ ಹೋಗ್ತಾಳ. ಅಂದ ಮ್ಯಾಲ ಇದು ನಮಗ ಸಂಬಂಧ ಇಲ್ಲದ ನೀರೇನಲ್ಲ. ಟೀಚರೂ ಕೋರ್ಟಿಗೆ ಬೈಯ್ಯೂದಿಲ್ಲ. ಆದ್ರ ಅವರ ಮಾತು ಬ್ಯಾರೆ: 'ಗಣಿ ಮುಚ್ಚಬೇಕಿತ್ತು, ಸರಿ. ಆದ್ರೆ ನಮಗೆ ಊರಿಗೆ ಹೋಗುವ ಅಂತ ಹೇಳ್ಲಿಕ್ಕೆ ಒಂದು ಊರು ಬೇಡವಾ?'

ಕೋಲಾರದ ಚಿನ್ನದ ಗಣಿ 2001ರಾಗೇ ಮುಚ್ಚ್ಯದ. ಆದ್ರೂ ಅಲ್ಲಿಯ ಮಂದಿ ಊರು ಬಿಡಲಿಲ್ಲ, ನಸುಕಿನಾಗ ರೈಲು ಹತ್ತಿ ಬೆಂಗಳೂರಿಗೆ ದುಡೀಲಾಕ ಹೋಗ್ತಾರ, ರಾತ್ರಿ ತಿರುಗಿ ಬರ್ತಾರ. ಇಲ್ಲಿ ಹಂಗ ಆಗಲಿಲ್ಲ. ಸುತ್ತ ಕಾಡು, ರೈಲಿಲ್ಲ, ಮನಿ ಕಂಪನೀದು. ನೌಕರಿ ಹ್ವಾದ ದಿನ ಕೀಲಿಕೈ ತಿರುಗಿ ಕೊಟ್ಟು ಟ್ರಕ್ಕಿಗೆ ಸಾಮಾನು ಹೇರಬೇಕು. ಇಪ್ಪತ್ತೈದು ವರ್ಷ ಇದ್ದರೂ ಒಂದು ಇಟ್ಟಂಗಿ ಅವರದಲ್ಲ.

ಈಗ ವಿಷಯಕ್ಕ ಬರ್ತೀನಿ. ತಮ್ಮ ಪುಣೆದಿಂದ ಫೋನ್ ಮಾಡಿದ್ದ. ನಮ್ಮೂರು ಹಿರೋಳ್ಳಿಯ ಮನಿ ಮಾರೂನು, ಗಿರಾಕಿ ಸಿಕ್ಕ್ಯಾನ, ಅಕ್ಕ ಹೂಂ ಅಂದಾಳ ಅಂದ. ನೀ ಖರೇನೇ ಹೂಂ ಅಂದೀಯೇನು? ನಮ್ಮ ಓಣ್ಯಾಗೂ ಅರ್ಧ ಮನಿಗೆ ಕೀಲಿ ಅದ, ಗೊತ್ತದ. ಪುಣೆ, ಮುಂಬೈ, ಸೊಲ್ಲಾಪುರ ಅಂತ ಎಲ್ಲಾರೂ ದುಡೀಲಾಕ ಹೋಗ್ಯಾರ. ಆದ್ರ ಎಳ್ಳಮಾಸಿಗೆ ಬರ್ತಾರಿಲ್ಲೋ? ಕೀಲಿ ತಗದು, ಕಸಾ ಹೊಡದು, ಹೊಲಕ್ಕ ಹೋಗಿ ಚರಗಾ ಚೆಲ್ಲಿ, ಭಜ್ಜಿ ಕಡಬು ಉಂಡು ಹೋಗ್ತಾರ. ತಮ್ಮ ಇರೂದು ಭಾಡಗಿ ಮನ್ಯಾಗ, ನಾವು ಇರೂದು ಭಾಡಗಿ ಮನ್ಯಾಗ. ನಾಳಿಗೆ ಇವರ ಕೆಲಸಕ್ಕ ಏನರ ಆದ್ರ, ನನಗ ವರ್ಗಾ ಆದ್ರ, ಕೀಲಿಕೈ ನಮ್ಮ ಕೈಯಾಗ ಇರೋ ಮನಿ ಅದೊಂದೇ.

ತಮ್ಮಗ ರೊಕ್ಕದ ಅಡಚಣಿ ಇದ್ರ ಬಾಯಿ ಬಿಟ್ಟು ಹೇಳಲಿ. ನನ್ನ ಬಂಗಾರ ಬ್ಯಾಂಕಿನಾಗ ಇಟ್ಟು ಕೊಡ್ತೀನಿ, ಇವರಿಗೂ ಹೇಳೀನಿ. ಮಾರೂ ಕಾಗದಕ್ಕ ಮಾತ್ರ ನಾ ಸಹಿ ಮಾಡೂದಿಲ್ಲ, ಅವನಿಗೆ ನೀನೇ ಸಮಾಧಾನಲೇ ಹೇಳು. ನಾ ಹೇಳಿದ್ರ ಜಗಳಾಗ್ತದ.

ಮಿರಗ ಕೂಡೂದ್ರಾಗ ಮಾಳಿಗಿ ಮ್ಯಾಲ ಮಣ್ಣು ಹಾಕಿಸು. ಅಡಗಿಮನಿ ಮೂಲ್ಯಾಗ ಹ್ವಾದ ವರ್ಷನೇ ಸೋರಿತ್ತು, ಅಲ್ಲಿ ಒಂದು ತೊಲಿ ಹುಳ ಹತ್ಯದೇನೋ ನೋಡಿಸು. ಕೂಲಿ ಎಷ್ಟಾಗ್ತದ ಹೇಳಿದ್ರ ಫೋನ್‌ಪೇ ಮಾಡ್ತೀನಿ.

ನಿನ್ನ ತಂಗಿ