ಹುಳಿ ಸೇಬಿನ ಉಪಕಾರ

ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಪಕ್ ಎಂಬ ತುಂಟ ಯಕ್ಷನು ಸುಟ್ಟ ‘ಕ್ರ್ಯಾಬ್’ನ ರೂಪ ಧರಿಸಿ ಮುದುಕಿಯೊಬ್ಬಳ ಪಾನಪಾತ್ರೆಯಲ್ಲಿ ಅಡಗುತ್ತಾನೆ. ನಿಘಂಟಿನ ಮೊದಲ ಅರ್ಥವನ್ನೇ ನಂಬಿದ ವಿದ್ಯಾರ್ಥಿ ಅದನ್ನು ಏಡಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅದು ಏಡಿಯಲ್ಲ, ಕ್ರ್ಯಾಬ್ ಸೇಬು. ನೆಲ್ಲಿಕಾಯಿಯಷ್ಟು ಗಾತ್ರದ, ಕಚ್ಚಿದರೆ ಹಲ್ಲು ಜುಮ್ಮೆನ್ನುವ ಹುಳಿ ಹಣ್ಣು.

ಬಾಯಿಗಿಡಲಾಗದ ಈ ಹಣ್ಣಿನ ಮರಕ್ಕೆ ಮನೆಯ ಹಿತ್ತಿಲಲ್ಲಿ ಸ್ಥಳವೇಕೆ? ಇಂಗ್ಲೆಂಡಿನ ಪಟ್ಟಣಗಳಲ್ಲಿ ಸಾಲುಮನೆಗಳ ಹಿಂದಿನ ತೋಟವೆಂದರೆ ಅಂಗೈಯಗಲದ ನೆಲ. ಅಲ್ಲಿ ಒಂದು ಮರ ನೆಟ್ಟರೆ ಎರಡನೆಯದಕ್ಕೆ ಎಡೆಯಿಲ್ಲ. ಆದುದರಿಂದ ಆ ಒಂದು ಮರವನ್ನು ಆರಿಸುವ ಗೃಹಸ್ಥನು ವರ್ಷದ ಎಲ್ಲ ಋತುಗಳ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಆ ಲೆಕ್ಕದಲ್ಲಿ ಹುಳಿ ಸೇಬು ಸೋಲುವುದಿಲ್ಲ. ‘ಜಾನ್ ಡೌನಿ’ ಎಂಬ ತಳಿಯನ್ನೇ ನೋಡಬಹುದು. 1875ರಲ್ಲಿ ಲಿಚ್‌ಫೀಲ್ಡ್ ಬಳಿ ಬೆಳೆಸಿದ ಈ ತಳಿಗೆ ಸ್ಕಾಟ್ಲೆಂಡಿನ ಸಸಿ ವ್ಯಾಪಾರಿಯೊಬ್ಬನ ಹೆಸರನ್ನಿಟ್ಟರು. ವಸಂತದಲ್ಲಿ ಇದರ ನಸುಗೆಂಪು ಮೊಗ್ಗು ಅರಳಿ ಬೆಳ್ಳಗಾಗುತ್ತದೆ. ಶರತ್ಕಾಲದಲ್ಲಿ ಕಿತ್ತಳೆಗೆಂಪು ಹಣ್ಣು ಗೊಂಚಲುಗೊಂಚಲಾಗಿ ತೂಗುತ್ತದೆ. ಹುಳಿಯೂ ಪೆಕ್ಟಿನ್ನೂ ಹೇರಳವಾಗಿರುವುದರಿಂದ ಸಕ್ಕರೆ ಬೆರೆಸಿ ಕುದಿಸಿದರೆ ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ಉಳಿದ ಹಣ್ಣು ಚಳಿಗಾಲದ ಹಕ್ಕಿಗಳ ಪಾಲು.

ಮರವನ್ನು ಚಿಕ್ಕದಾಗಿಡುವ ಉಪಾಯ ನಮ್ಮ ಮಾವಿನ ತೋಟಗಳಿಗೂ ಪರಿಚಿತವಾದ ಕಸಿ. ಗುಣ ಬೇರಿನಲ್ಲಿದೆ. ‘ಎಂ 26’ ಎಂಬ ಬೇರುಗಿಡಕ್ಕೆ ಕಟ್ಟಿದ ಸೇಬು ಸುಮಾರು 3 ಮೀಟರಿನಲ್ಲಿ ನಿಂತರೆ, ‘ಎಂಎಂ 106’ಕ್ಕೆ ಕಟ್ಟಿದ್ದು ಸುಮಾರು 4 ಮೀಟರಿಗೆ ಏರುತ್ತದೆ. ಎಲೆ ಉದುರಿದ ಚಳಿಗಾಲವೇ ನೆಡಲು ತಕ್ಕ ಕಾಲ. ಕಸಿಯ ಗಂಟು ಮಾತ್ರ ಮಣ್ಣಿನ ಮೇಲೆಯೇ ಇರಬೇಕು. ಹೂತುಹೋದರೆ ಮೇಲಿನ ಕೊಂಬೆಯೇ ಬೇರುಬಿಟ್ಟು, ಕುಳ್ಳಗಿರಬೇಕಾದ ಮರ ಹದ್ದು ಮೀರಿ ಬೆಳೆಯುತ್ತದೆ. ಮೊದಲ ಎರಡು ಬೇಸಗೆ ನೀರು ತಪ್ಪಕೂಡದು.

ಇಷ್ಟಾದರೂ ಈ ಮರದ ದೊಡ್ಡ ಉಪಕಾರ ಯಜಮಾನನ ಕಣ್ಣಿಗೆ ಬೀಳುವುದೇ ಇಲ್ಲ. ಸಿಹಿ ಸೇಬಿನ ಬಹುಪಾಲು ತಳಿಗಳು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟಲಾರವು. ಬೇರೆ ತಳಿಯ ಪರಾಗವನ್ನು ಜೇನುನೊಣ ತಂದುಕೊಡಬೇಕು. ಹುಳಿ ಸೇಬು ಮೈತುಂಬ, ಬಹುದಿನ ಹೂ ಬಿಡುವುದರಿಂದ ದೊಡ್ಡ ತೋಟಗಾರರೂ ಸಿಹಿ ಸೇಬಿನ ಸಾಲುಗಳ ನಡುವೆ ಇದನ್ನು ನೆಡುವುದುಂಟು. ಕೆಲಸಕ್ಕೆ ಬಾರದ ಮರವೆಂದು ಇದನ್ನು ಕಡಿದರೆ, ಸುತ್ತಮುತ್ತ ಬೇರೆ ಸೇಬಿಲ್ಲದ ಕಡೆ, ಬೇಲಿಯಾಚೆಯ ಸಿಹಿ ಸೇಬು ಹೂವೆಲ್ಲ ಉದುರಿಸಿ ಬರಿದಾಗಿ ನಿಲ್ಲುತ್ತದೆ. ಕೊಡಲಿ ಎತ್ತಿದವನಿಗೂ ಬುಟ್ಟಿ ಬರಿದಾದವನಿಗೂ ಕಾರಣ ತಿಳಿಯುವುದಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮನೆಯವರ ಅಸಡ್ಡೆಯನ್ನು ಕುರಿತದ್ದು. ಈ ಮರದ ಮಟ್ಟಿಗಂತೂ ಅದು ನಿಜ: ಮದ್ದು ಸಲ್ಲುವುದು ನೆರೆಮನೆಗೆ. ಸಿಹಿಯಾದ ಹಣ್ಣನ್ನು ಹೊಗಳುವವರು ಹಲವರು. ಅದು ಕಾಯಿ ಕಟ್ಟಲು ನೆರವಾದ ಹುಳಿಯನ್ನು ನೆನೆಯುವವರು ಯಾರು?