ಮೇಲುಕೋಟೆಯಲ್ಲಿ ಮುಖದರ್ಶನ

ನಮ್ಮ ಗೃಹಸ್ಥರ ಮನೆಗಳಲ್ಲಿ ಒಂದು ವಿಚಿತ್ರವಾದ ರೂಢಿಯುಂಟು. ಹಿರಿಯರು ಬದುಕಿರುವಷ್ಟು ಕಾಲ ಅವರದೊಂದು ಒಳ್ಳೆಯ ಭಾವಚಿತ್ರವನ್ನು ತೆಗೆಸಬೇಕೆಂಬ ಯೋಚನೆ ಪ್ರಾಯಶಃ ಯಾರಿಗೂ ಬರುವುದಿಲ್ಲ. ಅವರು ಕಾಲವಶರಾಗಿ, ವೈಕುಂಠ ಸಮಾರಾಧನೆಯ ದಿನ ಹತ್ತಿರ ಬಂದಾಗ ಗೋಡೆಗೊಂದು ಪಟ ಬೇಕಾಗುವುದು. ಆಗ ಪೆಟ್ಟಿಗೆ ಕಪಾಟುಗಳನ್ನೆಲ್ಲ ಶೋಧಿಸಿ, ಯಾವುದೋ ಮದುವೆಯ ಗುಂಪುಚಿತ್ರದ ಮೂರನೆಯ ಸಾಲಿನಿಂದಲೋ ಗುರುತಿನ ಚೀಟಿಯಿಂದಲೋ ಒಂದು ಮುಖವನ್ನು ಬಿಡಿಸಿ, ಹಿಗ್ಗಿಸಿ, ಕಟ್ಟು ಹಾಕಿಸಿ, ಹಾರವನ್ನು ತೊಡಿಸುವೆವು. ಜೀವಮಾನವೆಲ್ಲ ನಮ್ಮನ್ನು ನೋಡಿ ನಕ್ಕ ಮುಖವು, ಕಚೇರಿಯ ಸರದಿಯಲ್ಲಿ ನಿಂತು ಬಳಲಿದ ಮುಖವಾಗಿ ಗೋಡೆಯ ಮೇಲೆ ಶಾಶ್ವತವಾಗಿಬಿಡುವುದು.

ಕೆಲಸದಿಂದ ನಿವೃತ್ತನಾದ ಮೇಲೆ ನಾನು ಛಾಯಾಗ್ರಹಣದ ಅಭ್ಯಾಸಕ್ಕೆ ತೊಡಗಿದುದಕ್ಕೆ ಈ ವಿಚಾರವೇ ಮುಖ್ಯವಾದ ಕಾರಣ. ಕಳೆದ ಮಾಘಮಾಸದಲ್ಲಿ ಈ ಅಭ್ಯಾಸವು ನನ್ನನ್ನು ಮೇಲುಕೋಟೆಗೆ ಕರೆದೊಯ್ದಿತು. ನನಗೆ ಬಾಲ್ಯದಲ್ಲಿ ಅಮರಕೋಶವನ್ನೂ ರಘುವಂಶವನ್ನೂ ಪಾಠ ಹೇಳಿದ ಗುರುಗಳು ಆ ಊರಿನವರು. ಅವರು ದಿವಂಗತರಾಗಿ ಬಹುಕಾಲವಾಯಿತು. ಗುರುಪತ್ನಿಯವರಿಗೆ ಈಗ 84 ವರ್ಷ. ಒಂಟಿಯಾಗಿರುವುದು ಕಷ್ಟವಾದುದರಿಂದ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದೆಂದು ಮಕ್ಕಳು ನಿಶ್ಚಯಿಸಿದ್ದರು. ಮನೆಯನ್ನು ಮಾರಿಯೂ ಆಗಿತ್ತು. ಹಿರಿಯ ಮಗನು ನನಗೆ ದೂರವಾಣಿಯಲ್ಲಿ ಹೇಳಿದ ಮಾತಿದು: “ಮೇಷ್ಟ್ರೇ, ಹೊರಡುವುದಕ್ಕೆ ಮುಂಚೆ ಅಮ್ಮನದೊಂದು ಒಳ್ಳೆಯ ಚಿತ್ರ ತೆಗೆದುಕೊಡಿ. ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿ, ಮುಖ ಮಾತ್ರ ಎದ್ದು ಕಾಣಬೇಕು.”

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರು. ಪಾಂಡವಪುರವನ್ನು ದಾಟಿ, ಕಬ್ಬು ಬತ್ತಗಳ ಹಸುರನ್ನು ಹಿಂದಿಟ್ಟು, ಜಕ್ಕನಹಳ್ಳಿಯಿಂದ ಮುಂದೆ ಸಾಗಿದರೆ ನೆಲದ ಸ್ವಭಾವವೇ ಬದಲಾಗುವುದು. ಬಂಡೆಗಳೂ ಕುರುಚಲು ಗಿಡಗಳೂ ಮೇಲೇಳುವ ದಾರಿಯೂ ಕಾಣತೊಡಗುವುವು. ಊರಿನ ನಡುವೆ ಚೆಲುವನಾರಾಯಣಸ್ವಾಮಿಯ ಗುಡಿ. ಬೆಟ್ಟದ ತುದಿಯಲ್ಲಿ ಯೋಗನರಸಿಂಹನ ಗುಡಿ. ಬೆಟ್ಟದ ಬುಡದಲ್ಲಿ ಕಂಬದ ಮಂಟಪಗಳಿಂದ ಸುತ್ತುವರಿದ ಕಲ್ಯಾಣಿ. ಇನ್ನೊಂದು ಕಡೆ ಮೇಲಿನ ಗೋಪುರವೇ ಇಲ್ಲದೆ ಅಪೂರ್ಣವಾಗಿ ನಿಂತ ರಾಯಗೋಪುರ. ರಾಮಾನುಜಾಚಾರ್ಯರು ವಾಸಮಾಡಿದ ಊರೆಂದೂ, ವೈರಮುಡಿ ಉತ್ಸವದ ಊರೆಂದೂ, ಕವಿ ಪು.ತಿ. ನರಸಿಂಹಾಚಾರ್ಯರು 1905 ರಲ್ಲಿ ಜನಿಸಿದ ಊರೆಂದೂ ವಾಚಕರು ಬಲ್ಲರು. ಛಾಯಾಗ್ರಾಹಕನಿಗಾದರೋ ಇದು ಬೆಳಕಿನ ಊರು. ಬಿಸಿಲನ್ನು ಕಲ್ಲು ಹೀರಿ, ತಗ್ಗಿಸಿ, ನೆರಳಿನಲ್ಲಿರುವವರ ಮೇಲೆ ಮೃದುವಾಗಿ ಹಿಂದಿರುಗಿಸುವುದು.

ಈ ಕೆಲಸಕ್ಕೆಂದು ನಾನು ಕೊಂಡೊಯ್ದ ಮಸೂರದ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದರ ಸಂಗಮದೂರ 85 ಮಿಲಿಮೀಟರು. ಅದು ಜೂಮ್ ಲೆನ್ಸಿನಂತೆ ಹಿಗ್ಗಿ ಕುಗ್ಗುವುದಲ್ಲ. ಚಿತ್ರ ದೊಡ್ಡದಾಗಬೇಕಾದರೆ ನಾವೇ ಹತ್ತಿರ ಹೋಗಬೇಕು, ಚಿಕ್ಕದಾಗಬೇಕಾದರೆ ನಾವೇ ಹಿಂದೆ ಸರಿಯಬೇಕು. ಇಂಥದನ್ನು ಪ್ರೈಮ್ ಲೆನ್ಸೆಂದು ಕರೆಯುವರು. ಅದರ ದ್ವಾರದ ಅಂಕ 1.8. ಸಂಗಮದೂರವನ್ನು ಈ ಅಂಕದಿಂದ ಭಾಗಿಸಿದರೆ ದ್ವಾರದ ವ್ಯಾಸ ದೊರೆಯುವುದು. ಎಂದರೆ ಸುಮಾರು 47 ಮಿಲಿಮೀಟರು. ಅಂಕ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಬಾಗಿಲು ದೊಡ್ಡದಾದರೆ ಬೆಳಕು ಧಾರಾಳವಾಗಿ ಒಳಬರುವುದು, ಷಟರು ಅತಿ ಶೀಘ್ರವಾಗಿ ಮುಚ್ಚಿದರೂ ಚಿತ್ರ ಮೂಡುವುದು. ಆದುದರಿಂದಲೇ ಇದಕ್ಕೆ ಫಾಸ್ಟ್ ಲೆನ್ಸೆಂಬ ಹೆಸರು.

ಈ ಬಗೆಯ ಮಸೂರಕ್ಕೆ ಒಂದು ಇತಿಹಾಸವುಂಟು. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದ 1839 ರಲ್ಲಿ ಮನುಷ್ಯರ ಚಿತ್ರ ತೆಗೆಯುವುದು ಒಂದು ಶಿಕ್ಷೆಯೇ ಆಗಿತ್ತು. ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಾಗಿತ್ತು. 1840 ರಲ್ಲಿ ವಿಯೆನ್ನಾ ನಗರದ ಗಣಿತಶಾಸ್ತ್ರದ ಅಧ್ಯಾಪಕ ಜೋಸೆಫ್ ಪೆಟ್ಸ್‌ವಾಲನು ಗಣಿತದ ಬಲದಿಂದಲೇ ಹೊಸ ಮಸೂರವೊಂದನ್ನು ಯೋಜಿಸಿದನು. ಫಾಯ್ಕ್ಟ್‌ಲೆಂಡರ್ ಎಂಬ ಕಾರ್ಖಾನೆಯವರು ಅದನ್ನು ತಯಾರಿಸಿದರು. ಅದರ ದ್ವಾರದ ಅಂಕ ಸುಮಾರು 3.6. ಹಿಂದಿನ ಮಸೂರಗಳಿಗಿಂತ ಅದು ಹಲವು ಪಟ್ಟು ಹೆಚ್ಚು ಬೆಳಕನ್ನು ಒಳಗೊಳ್ಳುತ್ತಿದ್ದುದರಿಂದ ಕುಳಿತವರ ಕಷ್ಟ ಒಂದು ನಿಮಿಷಕ್ಕೂ ಕಡಿಮೆಯಾಯಿತು. ಮಧ್ಯದಲ್ಲಿ ಮುಖ ಸ್ಫುಟವಾಗಿ, ಅಂಚುಗಳು ಮಸುಕಾಗಿ ಬರುವುದು ಅದರ ಸ್ವಭಾವವಾಗಿತ್ತು. ಇಂದು ಜನರು ಮೆಚ್ಚುವ ಮಸುಕಿಗೆ ಇಷ್ಟು ಪ್ರಾಚೀನತೆಯಿರುವುದು.

ದೂರದಿಂದ ತೆಗೆಯುವುದರಲ್ಲಿ ಮುಖಕ್ಕೆ ಆಗುವ ಉಪಕಾರವೇನೆಂದು ಕೆಲವರು ಕೇಳುವರು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರು ಅಂತರವೆಂದಿಟ್ಟುಕೊಳ್ಳೋಣ. ಮೊಬೈಲನ್ನು ಅರ್ಧ ಮೀಟರು ದೂರದಲ್ಲಿ ಹಿಡಿದು ಚಿತ್ರ ತೆಗೆದರೆ ಮೂಗಿಗೆ 50, ಕಿವಿಗೆ 62 ಸೆಂಟಿಮೀಟರು ದೂರವಾಗುವುದು. ಕಿವಿಯ ಅಳತೆಗಿಂತ ಮೂಗಿನ ಅಳತೆ ಸುಮಾರು ಕಾಲುಪಾಲು ಹಿಗ್ಗಿ ಕಾಣುವುದು. ಎರಡೂವರೆ ಮೀಟರು ಹಿಂದೆ ಸರಿದರೆ ಈ ವ್ಯತ್ಯಾಸ ನೂರಕ್ಕೆ 5 ಮಾತ್ರ. ಮುಖದ ಪ್ರಮಾಣವನ್ನು ನಿರ್ಣಯಿಸುವುದು ದೂರವೇ ಹೊರತು ಮಸೂರವಲ್ಲ. ಆ ದೂರದಿಂದಲೂ ಮುಖವು ಚಿತ್ರವನ್ನು ತುಂಬುವಂತೆ ಮಾಡುವುದಷ್ಟೇ ಉದ್ದನೆಯ ಸಂಗಮದೂರದ ಕೆಲಸ. ಇದಲ್ಲದೆ, ವೃದ್ಧರ ಮುಖದ ಹತ್ತಿರಕ್ಕೆ ಯಂತ್ರವನ್ನು ಚಾಚುವುದು ಅವಿನಯವೂ ಹೌದು. ಎರಡೂವರೆ ಮೀಟರು ಎಂದರೆ ಜಗಲಿಯ ಮೇಲೆ ಕುಳಿತವರೊಡನೆ ಅಂಗಳದಲ್ಲಿ ನಿಂತು ಮಾತನಾಡುವ ದೂರ. ಅಲ್ಲಿ ಮಾತೂ ಕೇಳಿಸುವುದು, ಮರ್ಯಾದೆಯೂ ಉಳಿಯುವುದು.

ಗುರುಪತ್ನಿಯವರು ಬೆಳಿಗ್ಗೆ ಎಂಟು ಗಂಟೆಗೆ ಊರುಗೋಲನ್ನು ಹಿಡಿದು, ಮೊಮ್ಮಗಳ ಹೆಗಲಿನ ಆಸರೆಯಿಂದ ಕಲ್ಯಾಣಿಗೆ ಬಂದರು. ಒಗೆದು ಮಡಿಸಿಟ್ಟಿದ್ದ ಕೆಂಪು ಅಂಚಿನ ಸೀರೆಯನ್ನು ಉಟ್ಟಿದ್ದರು. ಅವರನ್ನು ಮಂಟಪದ ಅಂಚಿನಲ್ಲಿ, ಮೇಲೆ ನೆರಳು, ಎದುರಿಗೆ ತೆರೆದ ಆಕಾಶ ಇರುವಂತೆ ಕುಳ್ಳಿರಿಸಿದೆನು. ಹೊರಾಂಗಣದಲ್ಲಿ ಭಾವಚಿತ್ರ ತೆಗೆಯುವವರಿಗೆ ಇಂತಹ ತೆರೆದ ನೆರಳೇ ಶ್ರೇಷ್ಠವಾದ ಸ್ಥಳ. ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗುಳಿಗಳು ಕಪ್ಪಾಗುವುವು, ಹುಬ್ಬು ಗಂಟಿಕ್ಕುವುದು; ಅಷ್ಟೇ ಅಲ್ಲದೆ, ದ್ವಾರವನ್ನು 1.8 ಕ್ಕೆ ತೆರೆದಿಟ್ಟರೆ, ಸಂವೇದನೆಯ ಅಂಕವು 100 ಇದ್ದರೂ, ಷಟರು ಒಂದು ಸೆಕೆಂಡಿನ 8000 ನೆಯ ಒಂದು ಭಾಗದಲ್ಲಿ ಮುಚ್ಚಬೇಕಾಗುವುದು. ಎಲ್ಲ ಕ್ಯಾಮರಾಗಳಿಗೂ ಅಷ್ಟು ವೇಗವಿಲ್ಲ. ನೆರಳಿನಲ್ಲಿ 1000 ನೆಯ ಒಂದು ಭಾಗವೇ ಸಾಕಾಗುವುದು.

ಮೊದಲನೆಯ ಚಿತ್ರವನ್ನು ಮಗನ ಇಷ್ಟದಂತೆಯೇ ತೆಗೆದೆನು. ಎರಡೂವರೆ ಮೀಟರು ದೂರ, ದ್ವಾರ ಪೂರ್ತಿ ತೆರೆದಿತ್ತು. ಈ ಸ್ಥಿತಿಯಲ್ಲಿ ಸ್ಫುಟವಾಗಿ ಮೂಡುವ ಪ್ರದೇಶದ ಆಳ ಸುಮಾರು 9 ಸೆಂಟಿಮೀಟರು ಮಾತ್ರ. ಹತ್ತಿರದ ಕಣ್ಣಿಗೆ ಗುರಿಯಿಟ್ಟರೆ ಕಣ್ಣು, ಮೂಗು, ಬಾಯಿ, ಕೆನ್ನೆಯ ಸುಕ್ಕುಗಳು ಸ್ಪಷ್ಟವಾಗಿ ಬರುವುವು. ಕಿವಿಯ ಓಲೆಯೇ ಮೃದುವಾಗತೊಡಗುವುದು. ಬಹು ದೂರದಲ್ಲಿರುವ ಒಂದೊಂದು ಬಿಂದುವೂ 36 ಮಿಲಿಮೀಟರು ಅಗಲದ ಫಲಕದ ಮೇಲೆ ಒಂದೂವರೆ ಮಿಲಿಮೀಟರಿಗೂ ದೊಡ್ಡದಾದ ಬೆಳಕಿನ ಬಿಲ್ಲೆಯಾಗಿ ಹರಡುವುದು. ಆ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಸೇರಿದರೆ ಬೆಟ್ಟವೂ ಗುಡಿಯೂ ನೀರೂ ಬಣ್ಣದ ಮಂಜಾಗಿಬಿಡುವುವು. ಚಿತ್ರ ನಿಜವಾಗಿಯೂ ಸುಂದರವಾಗಿತ್ತು. ಹಣೆಯ ನಾಮ, ಮಸುಕಿದ ಕಣ್ಣಿನಲ್ಲಿ ಹೊಳೆಯುವ ಆಕಾಶ, ತುಟಿಯ ಕೊನೆಯ ನಗೆ, ಇವೆಲ್ಲವೂ ಹಾಗೆ ಹಾಗೆಯೇ ಮೂಡಿದ್ದುವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರಕ್ಕೆ ವಿದ್ಧಚಿತ್ರವೆಂಬ ಹೆಸರನ್ನು ಕೊಟ್ಟಿರುವನು. ಆ ಲಕ್ಷಣಕ್ಕೆ ಯಾವ ಕೊರತೆಯೂ ಇರಲಿಲ್ಲ.

ಯಂತ್ರದ ಹಿಂಬದಿಯ ಪರದೆಯನ್ನು ಅವರಿಗೆ ತೋರಿಸಿದೆನು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

“ಇದು ನಾನೇ ಸರಿ, ಕಣಪ್ಪಾ. ಆದರೆ ಎಲ್ಲಿ ಕೂತಿದ್ದೀನಿ?”

“ಇಲ್ಲೇ ಅಮ್ಮ, ಕಲ್ಯಾಣಿಯ ಮಂಟಪದಲ್ಲಿ.”

“ಕಲ್ಯಾಣಿ ಎಲ್ಲಿದೆ ಇದರಲ್ಲಿ? ಹದಿನೇಳು ವರ್ಷದವಳು ಈ ಊರಿಗೆ ಬಂದೆ. ದಿನಾ ಎದ್ದು ನೋಡಿದ್ದು ಆ ಬೆಟ್ಟವನ್ನೇ. ಮುಂದಿನ ವಾರದಿಂದ ಅದು ಕಣ್ಣಿಗೆ ಬೀಳುವುದಿಲ್ಲ. ನಿನ್ನ ಪಟದಲ್ಲೂ ಇಲ್ಲದಿದ್ದರೆ ಹೇಗೆ?”

ಆ ಮಾತಿಗೆ ಉತ್ತರವನ್ನು ನಾನು ಗುರುಗಳ ಪಾಠದಲ್ಲಿಯೇ ಹುಡುಕಬೇಕಾಯಿತು. ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ತೊರೆದ ಶಕುಂತಲೆಯ ಚಿತ್ರವನ್ನು ಬರೆದು, ಅದನ್ನೇ ನೋಡುತ್ತ ಪರಿತಪಿಸುವನು. ಮುಖ ಚೆನ್ನಾಗಿಯೇ ಬಂದಿರುವುದು; ನೋಡಿದವರು ಮೆಚ್ಚುವರು. ರಾಜನಿಗೆ ಮಾತ್ರ ತೃಪ್ತಿಯಿಲ್ಲ. ಹಂಸಗಳ ಜೋಡಿ ಮಲಗಿದ ಮರಳುದಿಣ್ಣೆಗಳುಳ್ಳ ಮಾಲಿನೀ ನದಿಯನ್ನು ಇನ್ನೂ ಬರೆಯಬೇಕು. ಹಿಮಾಲಯದ ತಪ್ಪಲನ್ನೂ ಅಲ್ಲಿ ಕುಳಿತ ಜಿಂಕೆಗಳನ್ನೂ ಬರೆಯಬೇಕು. ಕೊಂಬೆಗಳಲ್ಲಿ ನಾರುಮಡಿ ತೂಗುವ ಮರವನ್ನೂ, ಅದರ ಕೆಳಗೆ ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆಯನ್ನೂ ಬರೆಯಬೇಕು ಎನ್ನುವನು. ಇನ್ನು ಈ ಪಟವನ್ನೆಲ್ಲ ಉದ್ದಗಡ್ಡದ ತಾಪಸರಿಂದ ತುಂಬಿಸಿಬಿಡುವನೆಂದು ವಿದೂಷಕನು ಹಾಸ್ಯಮಾಡುವನು. ಇದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿರುವೆನು. ಕಳೆದುಹೋದವಳನ್ನು ನೆನೆಯಲು ಅವಳ ಮುಖವಷ್ಟೇ ಸಾಲದು, ಅವಳಿದ್ದ ನೆಲವೂ ಬೇಕೆಂಬುದು ಅಲ್ಲಿಯ ಮರ್ಮ. ಪರಿತಪಿಸುವವನು ರಾಜನಾದುದರಿಂದ ಅಲ್ಲಿ ನೆಲವನ್ನು ಬೇಡಿದವನು ಚಿತ್ರಕಾರನೇ. ಇಲ್ಲಿ ಚಿತ್ರದೊಳಗಿದ್ದವರೇ ಬೇಡಿದರು.

ಎರಡನೆಯ ಚಿತ್ರಕ್ಕೆ ಅದೇ ಮಸೂರವನ್ನೇ ಉಪಯೋಗಿಸಿದೆನು. ಐದು ಮೀಟರು ಹಿಂದೆ ಸರಿದು, ಕ್ಯಾಮರಾವನ್ನು ಅಡ್ಡಲಾಗಿ ಹಿಡಿದೆನು. ಈಗ ಅವರು ಕುಳಿತ ಭಂಗಿ ಪೂರ್ಣವಾಗಿ ಒಂದು ಪಕ್ಕಕ್ಕೆ ಬಂದು, ಇನ್ನೊಂದು ಪಕ್ಕಕ್ಕೆ ಮೆಟ್ಟಿಲುಗಳೂ ನೀರೂ ಬೆಟ್ಟವೂ ಒದಗಿದುವು. ದ್ವಾರವನ್ನು 8 ಕ್ಕೆ ಕಿರಿದು ಮಾಡಿದೆನು. ವ್ಯಾಸ 47 ರಿಂದ ಸುಮಾರು 11 ಮಿಲಿಮೀಟರಿಗೆ ಇಳಿಯಿತು. ಸ್ಫುಟವಾದ ಆಳ ಒಂದೂವರೆ ಮೀಟರನ್ನು ಮೀರಿತು. ದೂರದ ಬಿಂದುವಿನ ಬಿಲ್ಲೆ ಫಲಕದ ಮೇಲೆ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೆ ಕುಗ್ಗಿತು. ಅಷ್ಟಾದರೆ ಬೆಟ್ಟವು ಮುಖದೊಡನೆ ಸ್ಪರ್ಧಿಸುವುದಿಲ್ಲ, ಆದರೆ ಬೆಟ್ಟವೆಂದು ಯಾರಿಗಾದರೂ ತಿಳಿಯುವುದು. ಇದಕ್ಕೆ ತೆರಬೇಕಾದ ಬೆಲೆ ಬೆಳಕಿನದು. ಒಳಬರುವ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಾಯಿತು. ಸಂವೇದನೆಯ ಅಂಕವನ್ನು 100 ರಿಂದ 400 ಕ್ಕೆ ಏರಿಸಿ, ಷಟರನ್ನು 200 ನೆಯ ಒಂದು ಭಾಗಕ್ಕೆ ಇಳಿಸಿದೆನು.

ಇನ್ನೊಂದು ತೊಡಕು ಉಳಿದಿತ್ತು. ಅವರು ನೆರಳಿನಲ್ಲಿ, ಬೆಟ್ಟ ಬಿಸಿಲಿನಲ್ಲಿ. ಮುಖ ಸರಿಯಾಗಿ ಬಂದರೆ ಬೆಟ್ಟ ಸುಣ್ಣದಂತೆ ಬೆಳ್ಳಗಾಗುವುದು. ಬೆಟ್ಟ ಸರಿಯಾಗಿ ಬಂದರೆ ಮುಖ ಕಪ್ಪಾಗುವುದು. ಮೋಡವನ್ನು ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಸುಮಾರು ಅರ್ಧ ಗಂಟೆಯ ಕಾಲ ಕಾದೆವು. ಆ ಅರ್ಧ ಗಂಟೆಯಲ್ಲಿ ಗುರುಪತ್ನಿಯವರು, ಗುರುಗಳು ಕುಳಿತು ಜಪಮಾಡುತ್ತಿದ್ದ ಮೆಟ್ಟಿಲನ್ನೂ, ಮೊದಲ ಮಗುವನ್ನು ಎತ್ತಿಕೊಂಡು ಬೆಟ್ಟ ಹತ್ತಿದುದನ್ನೂ, ಮಳೆ ಹಿಡಿಯದ ವರ್ಷ ನೀರು ಎಲ್ಲಿಯವರೆಗೆ ಇಳಿದಿತ್ತೆಂಬುದನ್ನೂ ಮೊಮ್ಮಗಳಿಗೆ ಬೆರಳು ಮಾಡಿ ತೋರಿಸುತ್ತ ಹೇಳಿದರು. ಯಂತ್ರವಿದೆಯೆಂಬುದನ್ನೇ ಮರೆತರು. ತೆಳುವಾದ ಮೋಡವೊಂದು ಸೂರ್ಯನಿಗೆ ಅಡ್ಡಬಂದು ಬೆಟ್ಟದ ಬಣ್ಣ ತಿರುಗಿತು. ಅವರು ಮಾತು ನಿಲ್ಲಿಸಿ ಆ ಕಡೆಗೆ ಅರ್ಧ ಮುಖ ತಿರುಗಿಸಿದಾಗ ಗುಂಡಿಯನ್ನು ಒತ್ತಿದೆನು.

ಚಿತ್ರಗಳೆರಡನ್ನೂ ಮುದ್ರಿಸಿ ಬೆಂಗಳೂರಿಗೆ ಕಳುಹಿಸಿದೆನು. ಮೊದಲನೆಯದು ಅಲ್ಲಿಯ ಮನೆಯ ನಡುಕೋಣೆಯ ಗೋಡೆಯ ಮೇಲಿರುವುದು, ಬಂದವರೆಲ್ಲರೂ ಹೊಗಳುವರಂತೆ. ಎರಡನೆಯದನ್ನು ಗುರುಪತ್ನಿಯವರು ಗೋಡೆಗೆ ಹಾಕಗೊಡಲಿಲ್ಲವಂತೆ. ಅದು ಅವರ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ, ಬೆಳಿಗ್ಗೆ ಎದ್ದಾಗ ಕಣ್ಣಿಗೆ ಬೀಳುವ ಜಾಗದಲ್ಲಿರುವುದೆಂದು ಮೊಮ್ಮಗಳು ಬರೆದಿರುವಳು.

ದೊಡ್ಡ ಬಾಗಿಲಿನ ಮಸೂರವು ಉತ್ತಮವಾದ ಸಾಧನ. ಹಿಂದೆ ಜಾಹೀರಾತಿನ ಹಲಗೆಯೋ ನಿಲ್ಲಿಸಿದ ವಾಹನಗಳೋ ಇದ್ದಾಗ ಅದನ್ನು ಪೂರ್ತಿ ತೆರೆದು ಅವನ್ನೆಲ್ಲ ಕರಗಿಸುವುದೇ ಸರಿ. ಹಿಂದಿರುವುದು ಆ ಮನುಷ್ಯನ ಬಾಳಿಗೆ ಸೇರಿದ್ದಾದರೆ, ಅದನ್ನು ಎಷ್ಟು ಉಳಿಸಬೇಕೆಂದು ತೆಗೆಯುವವನು ಯೋಚಿಸಬೇಕು. ಚಿತ್ರದಲ್ಲಿ ಕುಳಿತವರನ್ನೇ ಒಂದು ಮಾತು ಕೇಳುವುದು ಇನ್ನೂ ಉತ್ತಮ. ವಾಚಕ ಮಹಾಶಯರಲ್ಲಿ ಇಂತಹ ಮಸೂರವುಳ್ಳವರು ಕೆಲವರೇ ಇರಬಹುದು. ಮೊಬೈಲಾದರೂ ಎಲ್ಲರ ಕೈಯಲ್ಲಿರುವುದು. ಅದನ್ನು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿಯುವುದಕ್ಕೆ ಖರ್ಚಿಲ್ಲ. ಈ ಭಾನುವಾರ ಬೆಳಿಗ್ಗೆ ನಿಮ್ಮ ತಂದೆಯವರನ್ನು ಅವರು ನೆಟ್ಟ ತೆಂಗಿನ ಮರದ ಬಳಿಯೋ, ತಾಯಿಯವರನ್ನು ತುಳಸಿಕಟ್ಟೆಯ ಬಳಿಯೋ, ನೆರಳು ನೋಡಿ ಕುಳ್ಳಿರಿಸಿ. ಮೊದಲು ಮಾತನಾಡಿಸಿ, ಚಿತ್ರವನ್ನು ಆಮೇಲೆ ತೆಗೆಯಿರಿ.