ಕಡಲಿಗೊಂದು ಬೇಲಿ

ಹೊಲಕ್ಕೆ ಬೇಲಿಯುಂಟು, ಕಡಲಿಗೂ ಉಂಟೆ? ಉಂಟು, ನಕ್ಷೆಯ ಮೇಲೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸಾಗರೋದ್ಯಾನದಲ್ಲಿ ಮೀನು ಹಿಡಿಯಬಾರದ ಭಾಗ ಮೊದಲು ನೂರಕ್ಕೆ 5ರಷ್ಟೂ ಇರಲಿಲ್ಲ; ಇದ್ದುದೂ ಬಹುಮಟ್ಟಿಗೆ ಹವಳದ ದಿಬ್ಬಗಳೇ. ಯೋಜಕರು ಆ ಕಡಲನ್ನು 70 ಜೀವವಲಯಗಳಾಗಿ ವಿಂಗಡಿಸಿದರು. ಹವಳವಿರಲಿ, ಕಡಲಹುಲ್ಲಿರಲಿ, ಬರಿಯ ಕೆಸರುತಳವೇ ಇರಲಿ, ಪ್ರತಿ ವಲಯದಲ್ಲಿಯೂ ನೂರಕ್ಕೆ 20 ಪಾಲಾದರೂ ಮುಟ್ಟದೆ ಉಳಿಯಲೆಂದರು. ಈ ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು.

ಮೀನುಗಾರರ ಅನ್ನದ ಪ್ರಶ್ನೆ ಎದ್ದಿತು. ಜನರಿಂದ 31,000ಕ್ಕೂ ಹೆಚ್ಚು ಅಹವಾಲುಗಳು ಬಂದವು. ಗೆರೆಗಳು ಅತ್ತಿತ್ತ ಸರಿದವು. ನಷ್ಟವಾದವರಿಗೆ ಸರ್ಕಾರ ಪರಿಹಾರ ಕೊಟ್ಟಿತು. 2004ರ ಜುಲೈನಲ್ಲಿ ಆ ಭಾಗ ನೂರಕ್ಕೆ 33ಕ್ಕೇರಿತು.

ನಮ್ಮ ಕೊಡಗಿನ ಹಿರಿಯರು ದೇವರಕಾಡೆಂದು ಬಿಟ್ಟದ್ದು ಬೋಳುಗುಡ್ಡವನ್ನಲ್ಲ, ತುಂಬಿದ ಕಾಡನ್ನು. ಯಾರಿಗೂ ಬೇಡವಾದ ಮೂಲೆಯನ್ನು ಬಿಟ್ಟುಕೊಟ್ಟರೆ ಅದು ದಾನವೆನಿಸೀತೆ, ನೀವೇ ಹೇಳಿ.